ಮೊಡವೆ ಗುಳಿ ಮತ್ತು ಅಗಲವಾಗುತ್ತಿರುವ ಮಚ್ಚೆ: ಡರ್ಮಟೋಸರ್ಜನ್ ಹತ್ತಿರ ಏನೇನು ಕೇಳಬೇಕು?

ಬೆಳ್ಮುಗಿಲು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ. ನನಗೆ 29 ವರ್ಷ. ಕಾಲೇಜಿನಲ್ಲಿ ವಿಪರೀತ ಮೊಡವೆ ಇತ್ತು. ಈಗ ಮೊಡವೆ ನಿಂತಿದೆ, ಎರಡೂ ಕೆನ್ನೆಯಲ್ಲಿ ಗುಳಿ ಉಳಿದಿವೆ. ಜೊತೆಗೆ ಎಡ ದವಡೆ ಹತ್ತಿರ ಒಂದು ಮಚ್ಚೆ. ಹುಟ್ಟಿನಿಂದ ಇದ್ದದ್ದಲ್ಲ, ಒಂದೆರಡು ವರ್ಷದಿಂದ ಕಾಣಿಸಿಕೊಂಡಿದ್ದು. ಈಚೆಗೆ ಅಗಲ ಆಗಿದೆ ಅನಿಸುತ್ತೆ, ಒಂದು ಅಂಚು ಮಾತ್ರ ಹೆಚ್ಚು ಕಪ್ಪಗಿದೆ.

ಒಂದು ಸ್ಕಿನ್ ಕ್ಲಿನಿಕ್‌ಗೆ ಹೋಗಿದ್ದೆ. ಡಾಕ್ಟರ್ ಸಿಗಲಿಲ್ಲ, ಕೌನ್ಸೆಲರ್ ಅಂತ ಒಬ್ಬರು ಕೂತು ಮಾತಾಡಿದರು. ಗುಳಿಗೆ ಲೇಸರ್ ಪ್ಯಾಕೇಜ್ ತಗೊಳ್ಳಿ, ಮಚ್ಚೆಯನ್ನೂ ಅದೇ ಲೇಸರ್‌ನಲ್ಲಿ ಸುಟ್ಟು ತೆಗೀತೀವಿ, ಅದಕ್ಕೆ ಬೇರೆ ದುಡ್ಡಿಲ್ಲ ಅಂದರು. ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ ಅಂತ ಬೇರೆ. ಕಟ್ಟದೆ ಎದ್ದು ಬಂದೆ.

ಈಗ ಸರಿಯಾದ ಡರ್ಮಟೋಸರ್ಜನ್ (ಚರ್ಮದ ಶಸ್ತ್ರಚಿಕಿತ್ಸೆ ಮಾಡುವ ಚರ್ಮವೈದ್ಯರು) ಹುಡುಕುತ್ತಿದ್ದೇನೆ. ಅವರ ಓದು, ಅನುಭವ ಹೇಗೆ ನೋಡಬೇಕು? ಗುಳಿಗೆ ನಿಜವಾಗಿ ಕೆಲಸ ಮಾಡುವ ಚಿಕಿತ್ಸೆ ಯಾವುದು? ನನ್ನದು ಕಂದು ಬಣ್ಣದ ಚರ್ಮ, ಸಣ್ಣ ಗಾಯ ಆದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತೆ.

ಹಿತ್ತಲಗಿಡ:
ಕಟ್ಟದೆ ಬಂದದ್ದು ಒಳ್ಳೇದಾಯ್ತು. ಡಾಕ್ಟರ್ ನಿಮ್ಮ ಮುಖ ನೋಡೋದಕ್ಕೆ ಮುಂಚೆ ದುಡ್ಡಿನ ಮಾತು ಬಂತು ಅಂದ್ರೆ ಅಲ್ಲಿಗೆ ಮುಗೀತು.

ಜೋಳದತೆನಿ:
ಅಕ್ಕಾರ, ಮೊದಲ ಮಚ್ಚಿ ತೋರಿಸ್ರಿ. ಗುಳಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಅಗಲ ಆಗಾಕತ್ತೇತಿ, ಬಣ್ಣ ಬದಲಾಗೇತಿ ಅಂತ ನೀವೇ ಹೇಳಾಕತ್ತೀರಿ, ಅದನ್ನ ಸುಟ್ಟು ಹಾಕ್ತೀವಿ ಅನ್ನಾಕ ಅವರಿಗೆ ಹೆಂಗ ಧೈರ್ಯ ಬಂತು?

ಶಲ್ಯ_ಡರ್ಮ:
ನಾನು ಚರ್ಮರೋಗ ತಜ್ಞೆ, ದಿನದ ಹೆಚ್ಚಿನ ಹೊತ್ತು ಶಸ್ತ್ರಚಿಕಿತ್ಸೆ ಕೆಲಸವೇ. ಇಲ್ಲಿ ಕೂತು ನಿಮ್ಮ ಮಚ್ಚೆ ಏನು ಅಂತ ಹೇಳೋಕೆ ಆಗಲ್ಲ, ಹೇಳಲೂಬಾರದು. ಆದರೆ ಜೋಳದತೆನಿ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಹೊಸದಾಗಿ ಬಂದು ಬದಲಾಗುತ್ತಿರುವ ಮಚ್ಚೆಯನ್ನು ಲೇಸರ್‌ನಲ್ಲಿ ಸುಡಬಾರದು. ಲೇಸರ್ ಅದನ್ನು ಆವಿ ಮಾಡಿಬಿಡುತ್ತೆ, ಲ್ಯಾಬಿಗೆ ಕಳಿಸಲು ಏನೂ ಉಳಿಯಲ್ಲ. ಅದು ಬರೀ ಮಚ್ಚೆಯೋ, ಮೆಲನೋಮಾ ಎಂಬ ಕ್ಯಾನ್ಸರೋ ಅನ್ನೋದು ಆಮೇಲೆ ಯಾರಿಗೂ ಗೊತ್ತಾಗಲ್ಲ. ಮೇಲ್ಭಾಗ ಸುಟ್ಟುಹೋಗಿ ಬೇರು ಒಳಗೇ ಉಳಿದರೆ ವಾಪಸ್ ಬರುವಾಗ ಗಾಯದ ಕಲೆಯ ಕೆಳಗೆ ಬರುತ್ತೆ, ಗುರುತು ಹಿಡಿಯೋದು ಇನ್ನೂ ಕಷ್ಟ.

ನೋಡಬೇಕಾದ್ದು ಇಷ್ಟು: ಎರಡು ಅರ್ಧ ಒಂದೇ ಥರ ಇದೆಯಾ, ಅಂಚು ನಯವಾಗಿದೆಯಾ, ಬಣ್ಣ ಒಂದೇ ಇದೆಯಾ, 6 ಮಿ.ಮೀ.ಗಿಂತ ದೊಡ್ಡದಾ, ಬದಲಾಗ್ತಾ ಇದೆಯಾ. ಈ ಐದರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಎಬಿಸಿಡಿಇ ಅಂತಾರೆ. ಮೊದಲ ನಾಲ್ಕು ಅಕ್ಷರ 1985ರಲ್ಲಿ ಬಂದವು, ಬದಲಾವಣೆಯ 'ಇ' 2004ರಲ್ಲಿ ಸೇರಿತು. ನನಗೆ ಐದರಲ್ಲಿ ಮುಖ್ಯ ಅನಿಸೋದು ಆ ಕೊನೆಯದೇ. ಬದಲಾವಣೆ ಕಂಡವರಲ್ಲಿ ಹೆಚ್ಚಿನವರಿಗೆ ರಿಪೋರ್ಟ್ ಚೆನ್ನಾಗಿಯೇ ಬರುತ್ತೆ, ಹೆದರಬೇಡಿ. ಆದರೆ ನೋಡಿಸದೆ ಬಿಡಬೇಡಿ.

ಗಟ್ಟಿಮಾತು:
ಒಪ್ಪಲ್ಲ. ಇಂಥ ಮಾತಿಂದಲೇ ಜನ ಹೆದರೋದು. ನನ್ನ ತಮ್ಮನ ಮೂಗಿನ ಮೇಲಿನ ಮಚ್ಚೆ ರೇಡಿಯೋಫ್ರೀಕ್ವೆನ್ಸಿಯಲ್ಲಿ (ವಿದ್ಯುತ್ ಶಾಖದಿಂದ) ತೆಗೆಸಿದ್ವಿ. ಹತ್ತು ನಿಮಿಷದ ಕೆಲಸ, ಕಲೆಯೂ ಇಲ್ಲ. ಎಲ್ಲಾ ಮಚ್ಚೆಗೂ ಕತ್ತರಿ, ಹೊಲಿಗೆ, ಲ್ಯಾಬು ಅಂದ್ರೆ ಅದೂ ಒಂದು ವ್ಯಾಪಾರ ಅಲ್ವಾ?

ಶಲ್ಯ_ಡರ್ಮ:
ಎಲ್ಲಾ ಮಚ್ಚೆಗೂ ಅಂತ ನಾನು ಹೇಳಲಿಲ್ಲ. ವರ್ಷಗಟ್ಟಲೆ ಹಾಗೇ ಇರುವ, ಉಬ್ಬಿದ, ಮೆತ್ತಗಿನ ಮಚ್ಚೆಯನ್ನು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡಿ ಚರ್ಮದ ಮಟ್ಟಕ್ಕೆ ಹೆರೆದು ತೆಗೀತೀವಿ. ನಿಮ್ಮ ತಮ್ಮನಿಗೆ ಮಾಡಿದ್ದು ಬಹುಶಃ ಅದೇ. ಹೆರೆದ ತುಂಡನ್ನು ಲ್ಯಾಬಿಗೆ ಕಳಿಸಬಹುದು, ಕಳಿಸಲೂಬೇಕು. ಅನುಮಾನ ಇರುವ ಮಚ್ಚೆ ಬೇರೆ: ಅದನ್ನು ಸುತ್ತ 1ರಿಂದ 3 ಮಿ.ಮೀ. ಅಂಚು ಬಿಟ್ಟು ಇಡಿಯಾಗಿ ಕತ್ತರಿಸಿ ಕಳಿಸಬೇಕು.

ಲ್ಯಾಬ್‌ಕಿಟಕಿ:
ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ, ಆ ತುಂಡು ಬಂದು ಸೇರೋದು ನಮ್ಮ ಮೇಜಿಗೆ. ನಮ್ಮ ಕಡೆಯಿಂದ ಹೇಗೆ ಕಾಣುತ್ತೆ ಹೇಳ್ತೀನಿ.

ಒಳ್ಳೆ ಸರ್ಜನ್ ಕಳಿಸಿದ ಡಬ್ಬಿ ತೆರೆದ ಕೂಡಲೇ ಗೊತ್ತಾಗುತ್ತೆ. ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರವ ಸಾಕಷ್ಟು ಇರುತ್ತೆ, ತುಂಡಿನ ಒಂದು ತುದಿಗೆ ಒಂದು ಹೊಲಿಗೆ ಹಾಕಿರ್ತಾರೆ, ಚೀಟಿಯಲ್ಲಿ 'ಹೊಲಿಗೆ ಇರುವುದು 12 ಗಂಟೆ ದಿಕ್ಕು' ಅಂತ ಬರೆದಿರ್ತಾರೆ. ಮಚ್ಚೆ ಎಷ್ಟು ದಿನದ್ದು, ಏನು ಬದಲಾಗಿದೆ, ಅವರಿಗೆ ಏನು ಅನುಮಾನ ಅನ್ನೋದೂ ಇರುತ್ತೆ. ನಾವು ಅಂಚಿಗೆ ಶಾಯಿ ಹಚ್ಚಿ, ರೊಟ್ಟಿ ಹೋಳು ಮಾಡಿದ ಹಾಗೆ ಅಡ್ಡಡ್ಡ ಕೊಯ್ದು ಮೇಣದಲ್ಲಿ ಕೂರಿಸ್ತೀವಿ. ಸ್ಲೈಡ್‌ನಲ್ಲಿ ಕೆಟ್ಟ ಕೋಶ ಶಾಯಿಯನ್ನು ಮುಟ್ಟಿದ್ರೆ ಒಳಗೆ ಇನ್ನೂ ಉಳಿದಿದೆ ಅಂತ ಅರ್ಥ. ಆ ಹೊಲಿಗೆ ಗುರುತು ಇದ್ರೆ ಯಾವ ಕಡೆ ಉಳಿದಿದೆ ಅಂತಲೂ ಹೇಳಬಹುದು, ಸರ್ಜನ್ ಮತ್ತೆ ಆ ಕಡೆ ಮಾತ್ರ ಕೊಯ್ದರೆ ಸಾಕು.

ಸುಟ್ಟು ಕರಕಲಾದ ಚೂರು ಬಂದ್ರೆ ನಮಗೆ ನಿಜಕ್ಕೂ ಸಂಕಟ. ಒಬ್ಬರ ಜೀವದ ಪ್ರಶ್ನೆ, ನೋಡೋಕೆ ಏನೂ ಇರಲ್ಲ.

ಬೆಳ್ಮುಗಿಲು:
ಇದನ್ನ ಓದಿ ಮೈ ಜುಮ್ ಅಂತು. ಮಚ್ಚೆಯನ್ನೇ ಮೊದಲು ತೋರಿಸ್ತೀನಿ. ಥ್ಯಾಂಕ್ಸ್.

ಗಟ್ಟಿಮಾತು:
ಲ್ಯಾಬ್‌ಕಿಟಕಿ ಹೇಳಿದ್ದು ಸರಿ, ಆ ಲೆಕ್ಕದಲ್ಲಿ ಯೋಚನೆ ಮಾಡಿರಲಿಲ್ಲ. ಆದರೂ ಒಂದು ಪ್ರಶ್ನೆ: ನಮ್ಮಂಥ ಕಂದು ಚರ್ಮದವರಿಗೆ ಮೆಲನೋಮಾ ತೀರಾ ಅಪರೂಪ ಅಲ್ವಾ?

ಶಲ್ಯ_ಡರ್ಮ:
ಬಿಳಿ ಚರ್ಮದವರಿಗೆ ಹೋಲಿಸಿದರೆ ಅಪರೂಪ, ಹೌದು. ಕಷ್ಟ ಇರೋದೂ ಅಲ್ಲೇ. ಅಪರೂಪ ಅಂತ ಯಾರೂ ನೋಡಲ್ಲ, ತಡವಾಗಿ ಸಿಗುತ್ತೆ. ಕಪ್ಪು, ಕಂದು ಚರ್ಮದಲ್ಲಿ ಅದು ಹೆಚ್ಚಾಗಿ ಬರೋದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು ಅಗಲವಾಗ್ತಾ ಇದ್ರೆ, ಅಥವಾ ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ರೆ, ಪೆಟ್ಟು ಬಿದ್ದಿರಬೇಕು ಅಂತ ಸುಮ್ಮನಿರಬೇಡಿ.

ತೇಜು_ಎಲ್:
ಡರ್ಮಟಾಲಜಿಸ್ಟ್, ಡರ್ಮಟೋಸರ್ಜನ್, ಪ್ಲಾಸ್ಟಿಕ್ ಸರ್ಜನ್, ಕಾಸ್ಮೆಟಾಲಜಿಸ್ಟ್... ಬೋರ್ಡ್ ನೋಡಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ. ಯಾರು ಯಾರು?

ನೀಲಿಶಾಯಿ:
ಡರ್ಮಟಾಲಜಿಸ್ಟ್ ಅಂದ್ರೆ ವೈದ್ಯ ಪದವಿ ಆದಮೇಲೆ ಚರ್ಮ, ಕೂದಲು, ಉಗುರಿನ ಕಾಯಿಲೆಗಳಲ್ಲೇ ವರ್ಷಗಟ್ಟಲೆ ತರಬೇತಿ ಪಡೆದವರು. ಅದರ ಮೇಲೆ ಶಸ್ತ್ರಚಿಕಿತ್ಸೆ, ಲೇಸರ್ ಕಲಿತವರು ಡರ್ಮಟೋಸರ್ಜನ್. ಎಷ್ಟು ವರ್ಷ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಪ್ಲಾಸ್ಟಿಕ್ ಸರ್ಜನ್ ಸರ್ಜರಿ ಕಡೆಯಿಂದ ಬಂದವರು. ದೊಡ್ಡ ಗಾಯ ಮುಚ್ಚೋದು, ಅಂಗ ಮರುರಚನೆ ಅವರ ಬಲ. 'ಕಾಸ್ಮೆಟಾಲಜಿಸ್ಟ್' ಅನ್ನೋ ಹೆಸರಿನ ಹಿಂದೆ ವೈದ್ಯ ಪದವಿ ಇರಲೇಬೇಕು ಅಂತಿಲ್ಲ. ಅದಕ್ಕೇ ಬೋರ್ಡ್ ಬಿಡಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಅಲ್ಲಿ ಯಾವ ವಿಷಯದಲ್ಲಿ ಸ್ನಾತಕೋತ್ತರ ಅಂತ ಹುಡುಕಿ.

ಈ ಶಾಖೆಯ ಇತಿಹಾಸ ನನಗೆ ತುಂಬ ಇಷ್ಟ, ಅದಕ್ಕೆ ಎರಡು ಮಾತು. ಚರ್ಮದ ಕ್ಯಾನ್ಸರ್‌ಗೆ ಮಾಡುವ ಮೋಸ್ ಸರ್ಜರಿ ಕೇಳಿರ್ತೀರಿ. ಅದನ್ನು 1930ರ ದಶಕದಲ್ಲಿ ರೂಪಿಸಿದ್ದು ಅಮೆರಿಕದ ವಿಸ್ಕಾನ್ಸಿನ್‌ನ ಫ್ರೆಡರಿಕ್ ಮೋಸ್. ಅವರು ಚರ್ಮವೈದ್ಯರಲ್ಲ, ಜನರಲ್ ಸರ್ಜನ್! ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಜಿಂಕ್ ಕ್ಲೋರೈಡ್ ಹಚ್ಚಿದ ಅಂಗಾಂಶ ಸತ್ತರೂ ಸೂಕ್ಷ್ಮದರ್ಶಕದಲ್ಲಿ ರಚನೆ ಹಾಗೇ ಕಾಣುತ್ತೆ ಅಂತ ಗಮನಿಸಿದ್ದರು. ಮೊದಮೊದಲು ಗಡ್ಡೆಗೆ ಆ ಲೇಪ ಹಚ್ಚಿ, ಒಂದು ದಿನ ಕಾದು, ಒಂದೊಂದೇ ಪದರ ತೆಗೆದು ನೋಡುತ್ತಿದ್ದರು. ರೋಗಿಗೆ ವಿಪರೀತ ನೋವು. 1953ರಲ್ಲಿ ರೆಪ್ಪೆಯ ಗಡ್ಡೆಯೊಂದರ ಶಸ್ತ್ರಚಿಕಿತ್ಸೆಯನ್ನು ಚಿತ್ರೀಕರಿಸುವಾಗ ಬೇಗ ಮುಗಿಸಲೆಂದು ಲೇಪ ಬಿಟ್ಟು ತಾಜಾ ಅಂಗಾಂಶವನ್ನೇ ಹೆಪ್ಪುಗಟ್ಟಿಸಿ ನೋಡಿದರು. ಅದೂ ನಡೆಯಿತು. ಈಗ ಎಲ್ಲೆಡೆ ಮಾಡೋದು ಆ ತಾಜಾ ವಿಧಾನವನ್ನೇ. ಕೊಯ್ದವರೇ ಸೂಕ್ಷ್ಮದರ್ಶಕದಲ್ಲೂ ನೋಡ್ತಾರೆ, ರೋಗಿ ಅಲ್ಲೇ ಕಾಯ್ತಾ ಇರ್ತಾರೆ, ಉಳಿದ ಕಡೆ ಮಾತ್ರ ಮತ್ತೆ ಕೊಯ್ತಾರೆ. ಮೊದಲ ಸಲ ಬಂದ ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಗುಣವಾಗುವ ಪ್ರಮಾಣ ಶೇ. 99ರ ಹತ್ತಿರ.

ಹಿತ್ತಲಗಿಡ:
ಕೂದಲು ಕಸಿಯೂ ಚರ್ಮವೈದ್ಯರದ್ದೇ ಅಂತ ಎಲ್ಲೋ ಓದಿದ ನೆನಪು.

ನೀಲಿಶಾಯಿ:
ಹೌದು, ನಾರ್ಮನ್ ಓರೆಂಟ್ರೈಕ್. 1959ರಲ್ಲಿ ಬರೆದರು. ಹಿಂದಲೆಯ ಕೂದಲನ್ನು ಬೋಳಾದ ಜಾಗಕ್ಕೆ ನೆಟ್ಟರೂ ಅದು ತನ್ನ ಮೂಲ ಜಾಗದ ಗುಣವನ್ನೇ ಉಳಿಸಿಕೊಂಡು ಬೆಳೆಯುತ್ತೆ ಅಂತ ತೋರಿಸಿದರು. ಮೊಡವೆ ಗುಳಿಯ ಕೆಳಗಿನ ಎಳೆಗಳನ್ನು ಸೂಜಿಯಿಂದ ಕತ್ತರಿಸುವ ಸಬ್‌ಸಿಷನ್ ಅನ್ನು 1995ರಲ್ಲಿ ವಿವರಿಸಿದವರಲ್ಲೂ ಅವರ ಹೆಸರಿದೆ. ಬೆಳ್ಮುಗಿಲು ಅವರ ಪ್ರಶ್ನೆಗೆ ವಾಪಸ್ ಬಂದ ಹಾಗಾಯ್ತು.

ಇರುಳುಹಕ್ಕಿ:
ಸಬ್‌ಸಿಷನ್ ನಾನು ಮಾಡಿಸಿಕೊಂಡಿದ್ದೇನೆ! ನಿಜವಾಗಿ ಹೇಗಿರುತ್ತೆ ಅಂತ ಯಾರೂ ಹೇಳಲ್ಲ, ಅದಕ್ಕೆ ಬರೀತಿದೀನಿ.

ಮೊದಲು ಡಾಕ್ಟರ್ ರೂಮಿನ ದೀಪ ಆರಿಸಿ, ಟಾರ್ಚನ್ನು ಮುಖದ ಪಕ್ಕದಿಂದ ಹಿಡಿದರು. ಎದುರು ಬೆಳಕಲ್ಲಿ ಕಾಣದ ಗುಳಿಗಳೆಲ್ಲ ನೆರಳು ಬಿದ್ದು ಎದ್ದು ಕಂಡವು. ಕನ್ನಡಿ ಕೈಗೆ ಕೊಟ್ಟು ಪೆನ್ನಿನಲ್ಲಿ ಒಂದೊಂದಕ್ಕೂ ಸುತ್ತು ಹಾಕಿದರು. ಆಮೇಲೆ ಬೆರಳಲ್ಲಿ ಚರ್ಮ ಎಳೆದು ನೋಡಿದರು. ಎಳೆದಾಗ ಮಾಯವಾಗುವ ಗುಳಿ ಕೆಳಗಿನಿಂದ ಹಗ್ಗದಂಥ ಎಳೆ ಹಿಡಿದುಕೊಂಡದ್ದು, ಅದಕ್ಕೆ ಸಬ್‌ಸಿಷನ್. ಎಳೆದರೂ ಹೋಗದ ಸೂಜಿಮೊನೆ ಗುಳಿಗೆ ಬೇರೆ ಅಂದರು.

ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಉರಿ, ಅದೊಂದೇ ನೋವು. ಆಮೇಲೆ ಸೂಜಿ ಚರ್ಮದ ಕೆಳಗೆ ಆ ಕಡೆ ಈ ಕಡೆ ಆಡುವಾಗ ನೋವಿಲ್ಲ, ಚರ್ ಚರ್ ಅಂತ ಸದ್ದು ಮಾತ್ರ. ಕಿವಿ ಪಕ್ಕದಲ್ಲೇ ಆದ್ದರಿಂದ ಜೋರಾಗಿ ಕೇಳುತ್ತೆ, ಹೆದರಬೇಡಿ, ಅದು ಎಳೆ ಕತ್ತರಿಸುವ ಸದ್ದು. ಮುಖ ಊದಿ ನೀಲಿಗಟ್ಟಿತು, ಒಂದೆರಡು ವಾರದಲ್ಲಿ ಇಳೀತು. ಗುಳಿ ಪೂರ್ತಿ ಹೋಗಿಲ್ಲ. ಅರ್ಧಕ್ಕಿಂತ ಹೆಚ್ಚು ತುಂಬಿದೆ, ನನಗೆ ಅಷ್ಟೇ ಸಾಕು.

ಬೆಳ್ಮುಗಿಲು:
ಈಗಷ್ಟೇ ಟಾರ್ಚ್ ಹಿಡಿದು ಕನ್ನಡಿ ಮುಂದೆ ನಿಂತು ನೋಡಿದೆ. ಬಲಗೆನ್ನೆಯದು ಎಳೆದರೆ ಹೋಗುತ್ತೆ, ಎಡಗಡೆ ಮೂಗಿನ ಪಕ್ಕದ್ದು ಹೋಗಲ್ಲ. ಕೌನ್ಸೆಲರ್ ಎಲ್ಲಕ್ಕೂ ಒಂದೇ ಲೇಸರ್ ಅಂದಿದ್ದರು!

ಶಲ್ಯ_ಡರ್ಮ:
ಅಲ್ಲೇ ಸಮಸ್ಯೆ ಇರೋದು. ಒಂದೇ ಮುಖದಲ್ಲಿ ಮೂರು ಥರದ ಗುಳಿ ಇರುತ್ತೆ. ಸೂಜಿಯಿಂದ ಚುಚ್ಚಿದಂತೆ ಕಿರಿದಾಗಿ ಆಳವಾದದ್ದಕ್ಕೆ ಟಿಸಿಎ ಆಸಿಡ್ಡನ್ನು ಕಡ್ಡಿಯ ತುದಿಯಲ್ಲಿ ಗುಳಿಯೊಳಗೆ ಮಾತ್ರ ಮುಟ್ಟಿಸುತ್ತೇವೆ, ಕ್ರಾಸ್ ಅಂತ ಹೆಸರು, 2002ರಲ್ಲಿ ಬಂತು. ಮುಟ್ಟಿಸಿದ ಚುಕ್ಕೆ ಹಿಮದ ಹಾಗೆ ಬೆಳ್ಳಗಾಗುತ್ತೆ. ಅಲೆಅಲೆಯಾಗಿ ತಗ್ಗಿದ್ದಕ್ಕೆ ಸಬ್‌ಸಿಷನ್. ನೇರ ಅಂಚಿನ ಪೆಟ್ಟಿಗೆ ಗುಳಿಗೆ ಪಂಚ್ ಎಂಬ ದುಂಡು ಅಲಗಿನಿಂದ ಎತ್ತಿ ಕೂರಿಸೋದು ಅಥವಾ ಚುಕ್ಕಿ ಚುಕ್ಕಿಯಾಗಿ ಬೀಳುವ ಫ್ರಾಕ್ಷನಲ್ ಲೇಸರ್. ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಮೈಕ್ರೋನೀಡ್ಲಿಂಗ್ ಎಲ್ಲದರ ಜೊತೆಗೂ ಸೇರಿಸಬಹುದು. ಕಂದು ಚರ್ಮಕ್ಕೆ ಅದು ಲೇಸರ್‌ಗಿಂತ ಹಗುರ, ಕಲೆಯ ಭಯ ಕಡಿಮೆ.

ಪೂರ್ತಿ ನುಣುಪಾಗುತ್ತೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ನಾರು ಹೊಸದಾಗಿ ಬೆಳೆಯೋಕೆ ತಿಂಗಳುಗಳು ಬೇಕು. ಎರಡು ವಾರಕ್ಕೊಮ್ಮೆ ಕರೆಯುವ ಪ್ಯಾಕೇಜ್ ಚರ್ಮದ ಲೆಕ್ಕಕ್ಕೆ ಹೊಂದಲ್ಲ.

ಮೌನಿ:
ಲೇಸರ್ ಬಗ್ಗೆ ನಾನೂ ಬರೀಲೇಬೇಕು. ನನ್ನ ಅಕ್ಕನಿಗೆ ಒಂದು ಕಡೆ ಕೂದಲು ತೆಗೆಯುವ ಲೇಸರ್ ಮಾಡಿದರು. ಮಾಡಿದ್ದು ಡಾಕ್ಟರ್ ಅಲ್ಲ. ಮೊದಲು ಸಣ್ಣ ಜಾಗದಲ್ಲಿ ಮಾಡಿ ನೋಡುವ ಟೆಸ್ಟ್ ಪ್ಯಾಚ್ ಇಲ್ಲ. ಹಿಂದಿನ ವಾರ ಬಿಸಿಲಲ್ಲಿ ಓಡಾಡಿದ್ದೀರಾ ಅಂತಲೂ ಕೇಳಲಿಲ್ಲ. ಮರುದಿನ ಕಾಲಿನ ಮೇಲೆ ಆ ಯಂತ್ರದ ತುದಿಯ ಅಳತೆಯಲ್ಲೇ ಚೌಕ ಚೌಕ ಗುಳ್ಳೆ ಎದ್ದವು, ಆಮೇಲೆ ಚೌಕ ಚೌಕ ಕಪ್ಪು ಕಲೆ. ಕೇಳಿದರೆ 'ನಿಮ್ಮ ಚರ್ಮ ಸೆನ್ಸಿಟಿವ್' ಅಂದರು. ಇವತ್ತಿಗೂ ಸಿಟ್ಟು ಇಳಿದಿಲ್ಲ.

ಶಲ್ಯ_ಡರ್ಮ:
ತುಂಬ ಬೇಸರವಾಯ್ತು. ಅದು ಚರ್ಮದ ತಪ್ಪಲ್ಲ. 1983ರಲ್ಲಿ ಆ್ಯಂಡರ್ಸನ್ ಮತ್ತು ಪ್ಯಾರಿಷ್ ಒಂದು ತತ್ವ ಬರೆದರು: ಸರಿಯಾದ ತರಂಗಾಂತರ, ಸರಿಯಾದಷ್ಟು ಚಿಕ್ಕ ಪಲ್ಸ್ (ಬೆಳಕಿನ ಮಿಡಿತ) ಆರಿಸಿದರೆ ಬೇಕಾದ ಗುರಿ ಮಾತ್ರ ಬಿಸಿಯಾಗಿ ಸುತ್ತಲಿನದು ಉಳಿಯುತ್ತೆ. ಇವತ್ತಿನ ಹೆಚ್ಚಿನ ಲೇಸರ್‌ಗಳು ನಿಂತಿರೋದು ಅದರ ಮೇಲೆ. ಕೂದಲಿನ ಲೇಸರ್‌ಗೆ ಗುರಿ ಬಣ್ಣ ಕೊಡುವ ಮೆಲನಿನ್. ಕಂದು ಚರ್ಮದ ಮೇಲ್ಪದರದಲ್ಲೂ ಅದೇ ಮೆಲನಿನ್ ತುಂಬಿರುತ್ತೆ, ಹಾಗಾಗಿ ಶಾಖವನ್ನು ಚರ್ಮವೇ ಹೀರಿಕೊಳ್ಳುತ್ತೆ. ಅದಕ್ಕೇ ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅದು ಆಳಕ್ಕೆ ಇಳಿಯುತ್ತೆ, ಮೇಲ್ಪದರದ ಮೆಲನಿನ್ ಅದನ್ನು ಕಡಿಮೆ ಹೀರುತ್ತೆ.

ಬಿಸಿಲಿಗೆ ಸುಡುತ್ತಾ, ಕಪ್ಪಾಗುತ್ತಾ ಅಂತ ನೋಡಿ ಮಾಡುವ ಫಿಟ್ಜ್‌ಪ್ಯಾಟ್ರಿಕ್ ಅವರ ಚರ್ಮದ ವಿಂಗಡಣೆ 1975ರದು. ಆಗ ಇದ್ದದ್ದು ಬಿಳಿ ಚರ್ಮದ ನಾಲ್ಕು ಬಗೆ ಮಾತ್ರ, ಕಂದು ಮತ್ತು ಕಪ್ಪು ಆಮೇಲೆ ಸೇರಿದವು. ನಿಮ್ಮ ಡಾಕ್ಟರಿಗೆ 'ನನ್ನಂಥ ಬಣ್ಣದವರಿಗೆ ಮಾಡಿದ ಫೋಟೋ ಇದೆಯಾ' ಅಂತ ಸಂಕೋಚ ಇಲ್ಲದೆ ಕೇಳಿ. ಅದಕ್ಕಿಂತ ದೊಡ್ಡ ಪ್ರಶ್ನೆ: ಎಡವಟ್ಟಾದರೆ ರಾತ್ರಿ ಯಾರಿಗೆ ಫೋನ್ ಮಾಡಲಿ? ಇದಕ್ಕೆ ಉತ್ತರ ಇಲ್ಲದ ಕಡೆ ಮಲಗಬೇಡಿ.

ಜೋಳದತೆನಿ:
ಈ ಕೊನೀ ಪ್ರಶ್ನೆ ಭಾರಿ ಐತ್ರಿ. ಎಲ್ಲಾರೂ ಇದನ್ನ ಕೇಳಬೇಕು.

ತೇಜು_ಎಲ್:
ಕಲೆಗೆ ಅಂತ ನಮ್ಮ ಮನೆಯಲ್ಲಿ ಒಂದು ಕ್ರೀಮ್ ಓಡಾಡ್ತಾ ಇದೆ, ಮೂರು ಔಷಧಿ ಸೇರಿದ್ದು. ಅತ್ತಿಗೆಗೆ ಬಂಗಿಗೆ ಕೊಟ್ಟಿದ್ದು, ಈಗ ಎಲ್ಲರೂ ಹಚ್ಚಿಕೊಳ್ತಾರೆ. ಮುಖ ಬೆಳ್ಳಗಾಗುತ್ತೆ ನಿಜ. ಬಿಟ್ಟರೆ ಕೆಂಪಾಗಿ ಉರಿಯುತ್ತೆ.

ನೀಲಿಶಾಯಿ:
ಆ ಮೂರರ ಮೂಲ 1975ರ ಕ್ಲಿಗ್‌ಮನ್ ಸೂತ್ರ: ಶೇ. 5 ಹೈಡ್ರೋಕ್ವಿನೋನ್, ಶೇ. 0.1 ಟ್ರೆಟಿನಾಯಿನ್, ಶೇ. 0.1 ಡೆಕ್ಸಾಮೆಥಸೋನ್. ಕೊನೆಯದು ಸ್ಟೀರಾಯ್ಡ್. ಬಂಗಿಗೆ ಒಳ್ಳೆ ಔಷಧಿ, ಆದರೆ ವಾರಗಳ ಲೆಕ್ಕದಲ್ಲಿ, ವೈದ್ಯರ ಕಣ್ಣೆದುರು. ದಿನನಿತ್ಯದ ಕ್ರೀಮ್ ಅಲ್ಲವೇ ಅಲ್ಲ.

ಶಲ್ಯ_ಡರ್ಮ:
ತೇಜು, ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಬಿಟ್ಟಾಗ ಉರಿಯೋದು ಸ್ಟೀರಾಯ್ಡ್‌ಗೆ ಚರ್ಮ ಒಗ್ಗಿಹೋಗಿರೋದರ ಗುರುತು. ಮುಂದಕ್ಕೆ ಚರ್ಮ ತೆಳುವಾಗುತ್ತೆ, ಕೆಂಪು ರಕ್ತನಾಳ ಕಾಣಿಸುತ್ತೆ, ಮುಖದಲ್ಲಿ ಕೂದಲು, ಮೊಡವೆ ಬರುತ್ತೆ. ಎಲ್ಲರನ್ನೂ ಚರ್ಮದ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ, ಹೇಗೆ ಬಿಡಿಸಬೇಕು ಅಂತ ಅವರು ನೋಡ್ತಾರೆ. ಅಂಥ ಮುಖಕ್ಕೆ ಲೇಸರ್, ಪೀಲಿಂಗ್ (ಆಸಿಡ್ ಹಚ್ಚಿ ಮೇಲ್ಪದರ ಸುಲಿಯೋದು) ಯಾವುದನ್ನೂ ಮಾಡಬಾರದು, ಚರ್ಮ ಮೊದಲು ಚೇತರಿಸಿಕೊಳ್ಳಬೇಕು.

ಗಟ್ಟಿಮಾತು:
ಬೆಳ್ಮುಗಿಲು ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ರೆ ಆರು ತಿಂಗಳು ಯಾವ ಚಿಕಿತ್ಸೆಯೂ ಮಾಡಿಸಬಾರದು. ಇದು ಎಲ್ಲರಿಗೂ ಗೊತ್ತಿರೋ ನಿಯಮ.

ಶಲ್ಯ_ಡರ್ಮ:
ಹಳೇ ನಿಯಮ. 2017ರಲ್ಲಿ ಅಮೆರಿಕದ ತಜ್ಞರ ತಂಡಗಳು ಇದ್ದ ಅಧ್ಯಯನಗಳನ್ನೆಲ್ಲ ಮತ್ತೆ ನೋಡಿ, ಮೇಲ್ಮಟ್ಟದ ಪೀಲಿಂಗ್, ಕೂದಲಿನ ಲೇಸರ್, ಫ್ರಾಕ್ಷನಲ್ ಲೇಸರ್, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೆ ಆರು ತಿಂಗಳು ಕಾಯಿಸಲು ಸಾಕಷ್ಟು ಆಧಾರವಿಲ್ಲ ಅಂದವು. ಯಂತ್ರದಿಂದ ಉಜ್ಜುವ ಡರ್ಮಬ್ರೇಷನ್, ಇಡೀ ಪದರ ತೆಗೆಯುವ ಲೇಸರ್ ಮಾತ್ರ ಈಗಲೂ ಬೇಡ. ಮಾತ್ರೆ ತಗೊಂಡಿದ್ದನ್ನು ಡಾಕ್ಟರಿಗೆ ಹೇಳಬೇಕು, ಅದು ಸರಿ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು, ಅದರಲ್ಲಿ ಎರಡು ಮಾತಿಲ್ಲ.

ಹಿತ್ತಲಗಿಡ:
ಸನ್‌ಸ್ಕ್ರೀನ್ ಬಗ್ಗೆ ಯಾರೂ ಹೇಳಲಿಲ್ಲ. ಎಸ್‌ಪಿಎಫ್ 100 ಹಾಕಿದ್ರೆ 50ಕ್ಕಿಂತ ಎರಡರಷ್ಟು ಅಲ್ವಾ?

ಲ್ಯಾಬ್‌ಕಿಟಕಿ:
ಅಲ್ಲ. ಸುಡುವ ಯುವಿಬಿ ಕಿರಣವನ್ನು 30 ಸುಮಾರು ಶೇ. 97, 50 ಸುಮಾರು ಶೇ. 98 ತಡೆಯುತ್ತೆ. ಅಲ್ಲಿಂದ ಮುಂದೆ ಅಂತರ ಚೂರೇ ಚೂರು.

ಇರುಳುಹಕ್ಕಿ:
ನಂಬರ್‌ಗಿಂತ ಎಷ್ಟು ಹಚ್ತೀವಿ ಅನ್ನೋದು ಮುಖ್ಯ ಅಂತ ನನ್ನ ಡಾಕ್ಟರ್ ಗದರಿಸಿದ್ದರು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಹಿಂಡಿದರೆ ಮುಖಕ್ಕೆ ಮತ್ತು ಕತ್ತಿಗೆ ಸಾಕು. ನಾವು ಹಚ್ಚೋದು ಅದರ ಕಾಲುಭಾಗ.

ಶಲ್ಯ_ಡರ್ಮ:
ಹೌದು, ಲ್ಯಾಬಿನಲ್ಲಿ ಎಸ್‌ಪಿಎಫ್ ಅಳೆಯುವುದು ಚದರ ಸೆಂ.ಮೀ.ಗೆ 2 ಮಿ.ಗ್ರಾಂ. ಹಚ್ಚಿ. ಕಡಿಮೆ ಹಚ್ಚಿದರೆ ಡಬ್ಬಿ ಮೇಲಿನ ಸಂಖ್ಯೆ ನಿಮಗೆ ಸಿಗಲ್ಲ. ಆಸ್ಟ್ರೇಲಿಯಾದಲ್ಲಿ ದಿನಾ ಹಚ್ಚಿದವರನ್ನೂ ತೋಚಿದಾಗ ಹಚ್ಚಿದವರನ್ನೂ ನಾಲ್ಕೂವರೆ ವರ್ಷ ಹೋಲಿಸಿ ನೋಡಿದರು, 2013ರಲ್ಲಿ ಪ್ರಕಟವಾಯಿತು. ದಿನಾ ಹಚ್ಚಿದವರ ಚರ್ಮಕ್ಕೆ ವಯಸ್ಸಾದದ್ದು ಶೇ. 24 ಕಡಿಮೆ. ಯಾವ ದುಬಾರಿ ಸೀರಮ್‌ಗಿಂತಲೂ ನಾನು ಮೊದಲು ಬರೆಯೋದು ಇದನ್ನೇ.

ಬಂಗು, ಕಲೆ ಇರುವ ಕಂದು ಚರ್ಮಕ್ಕೆ ಇನ್ನೊಂದು ವಿಷಯ: ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯಲ್ಲ, ಐರನ್ ಆಕ್ಸೈಡ್ ಇರುವ ಬಣ್ಣದ್ದು ತಡೆಯುತ್ತೆ. ಕಿಟಕಿ ಗಾಜು ಯುವಿಬಿ ತಡೆದರೂ ಯುವಿಎ ಒಳಗೆ ಬರುತ್ತೆ, ಕಿಟಕಿ ಪಕ್ಕ ಕೂತು ಕೆಲಸ ಮಾಡುವವರೂ ಹಚ್ಚಿಕೊಳ್ಳಿ.

ಮೌನಿ:
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ತೊನ್ನಿಗೆ ಆಪರೇಷನ್ ಇದೆಯಾ? ನಮ್ಮ ಚಿಕ್ಕಮ್ಮನ ಮಗಳಿಗೆ ತುಟಿ ಪಕ್ಕ ಇದೆ, ಹುಡುಗಿ ಮನೆಯಿಂದ ಆಚೆ ಬರೋದೇ ನಿಲ್ಲಿಸಿದ್ದಾಳೆ.

ಶಲ್ಯ_ಡರ್ಮ:
ಇದೆ, ಧಾರಾಳವಾಗಿ ಇದೆ. ಮೊದಲು ಹಚ್ಚುವ ಔಷಧಿ, ಬೆಳಕಿನ ಚಿಕಿತ್ಸೆ ಆಗಬೇಕು. 2022ರಲ್ಲಿ ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಎಂಬ ಕ್ರೀಮ್‌ಗೂ ತೊನ್ನಿಗಾಗಿ ಒಪ್ಪಿಗೆ ಸಿಕ್ಕಿದೆ. ಕನಿಷ್ಠ ಒಂದು ವರ್ಷ ಹೊಸ ಬಿಳಿ ಕಲೆ ಬಾರದೆ, ಇದ್ದದ್ದು ಬೆಳೆಯದೆ ನಿಂತಿದ್ದರೆ ಶಸ್ತ್ರಚಿಕಿತ್ಸೆ ಯೋಚಿಸಬಹುದು. ತೊಡೆಯಿಂದ ತೆಳು ಚರ್ಮ ತೆಗೆದು ಬಣ್ಣದ ಕೋಶಗಳನ್ನು ಬಿಡಿಸಿ ದ್ರವವಾಗಿ ಹರಡುವ ವಿಧಾನ ಇದೆ, ಗುಳ್ಳೆ ಎಬ್ಬಿಸಿ ಅದರ ಮೇಲ್ಪದರ ಕೂರಿಸೋದೂ ಇದೆ. ಇನ್ನೂ ಹರಡುತ್ತಿರುವಾಗ ಮಾಡಿದರೆ ಗಾಯವಾದ ಜಾಗದಲ್ಲೇ ಹೊಸ ತೊನ್ನು ಬರಬಹುದು, ಅದಕ್ಕೇ ಆ ಒಂದು ವರ್ಷ. ಅದು ಅಂಟುವ ಕಾಯಿಲೆ ಅಲ್ಲ ಅಂತ ಮನೆಯವರಿಗೂ ಮತ್ತೆ ಮತ್ತೆ ಹೇಳಿ. ಹುಡುಗಿಗೆ ನನ್ನ ಕಡೆಯಿಂದ ಧೈರ್ಯ ಹೇಳಿ.

ಗಟ್ಟಿಮಾತು:
ಗುಳಿಗೆ ಫಿಲ್ಲರ್ (ಚರ್ಮದ ಕೆಳಗೆ ತುಂಬುವ ಇಂಜೆಕ್ಷನ್) ಹಾಕಿಸಿದ್ರೆ ಒಂದೇ ದಿನದ ಕೆಲಸ ಅಲ್ವಾ? ಇಷ್ಟೆಲ್ಲಾ ಯಾಕೆ?

ಶಲ್ಯ_ಡರ್ಮ:
ಕೆಲವು ಗುಳಿಗೆ ಹಾಕ್ತೀವಿ. ಆದರೆ ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಹುಬ್ಬಿನ ನಡುವೆ ಅಥವಾ ಮೂಗಿನಲ್ಲಾದರೆ ಕಣ್ಣೇ ಹೋಗಬಹುದು. ಅಪರೂಪ, ಆದರೆ ಆಗಿದೆ. ಹಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಹಯಲುರಾನಿಡೇಸ್ ಇಂಜೆಕ್ಷನ್‌ನಿಂದ ಕರಗಿಸಬಹುದು, ಬೇರೆ ಥರದ್ದು ಅದರಿಂದ ಕರಗಲ್ಲ. ಆ ಇಂಜೆಕ್ಷನ್ ಇಟ್ಟುಕೊಳ್ಳದವರ ಹತ್ತಿರ ಫಿಲ್ಲರ್ ಬೇಡ. ಬ್ಯೂಟಿ ಪಾರ್ಲರಿನಲ್ಲಂತೂ ಬೇಡವೇ ಬೇಡ.

ಜೋಳದತೆನಿ:
ನನಗ ಗಾಯ ಆದಲ್ಲೆಲ್ಲಾ ಉಬ್ಬಿ ಗಡ್ಡಿ ಆಗತೈತ್ರಿ, ಎದಿ ಮ್ಯಾಲ ಮೊಡವಿ ಆಗಿದ್ದೂ ಹಂಗ ಆಗೇತಿ. ಇಂಥಾವರು ಮಚ್ಚಿ ತೆಗಸಬಹುದಾ?

ಶಲ್ಯ_ಡರ್ಮ:
ಅದು ಕೆಲಾಯ್ಡ್ ಇರಬಹುದು. ಕಿವಿಹಾಲೆ, ಎದೆ, ಭುಜ, ದವಡೆ ಅಂಚಿನಲ್ಲಿ ಹೆಚ್ಚು. ಬರೀ ಚಂದಕ್ಕಾದರೆ ಆ ಜಾಗದಲ್ಲಿ ಚಾಕು ಬೇಡ. ಅನುಮಾನದ ಮಚ್ಚೆಯಾದರೆ ತೆಗೆಯಲೇಬೇಕು, ಆಮೇಲೆ ಸಿಲಿಕೋನ್ ಹಾಳೆ, ಉಬ್ಬಲು ಶುರುವಾದ ಕೂಡಲೇ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್. ಇರುವ ಕೆಲಾಯ್ಡ್ ಅನ್ನು ಬರೀ ಕತ್ತರಿಸಿ ಬಿಟ್ಟರೆ ಬಹಳ ಜನರಿಗೆ ಇನ್ನೂ ದೊಡ್ಡದಾಗಿ ವಾಪಸ್ ಬರುತ್ತೆ. ಕೊಯ್ಯುವ ಮುಂಚೆ ಡಾಕ್ಟರಿಗೆ ಇದನ್ನು ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರೂ ಹೇಳಿ, ನೀವಾಗೇ ನಿಲ್ಲಿಸಬೇಡಿ.

ಬೆಳ್ಮುಗಿಲು:
ಹೋಗಿ ಬಂದೆ. ನೋಂದಣಿ ಸಂಖ್ಯೆ ನೋಡಿ, ಡರ್ಮಟಾಲಜಿ ಸ್ನಾತಕೋತ್ತರ ಅಂತ ಖಚಿತ ಮಾಡಿಕೊಂಡು ಹೋದೆ. ಅವರು ಮುಖ ಬಿಟ್ಟು ಬೆನ್ನು, ಅಂಗಾಲು, ಉಗುರು ಎಲ್ಲಾ ನೋಡಿದರು. ಡರ್ಮೋಸ್ಕೋಪ್ ಇಟ್ಟು ಮಚ್ಚೆಯ ಫೋಟೋ ತೆಗೆದು ನನಗೂ ತೋರಿಸಿದರು, ಒಂದು ಅಂಚಿನಲ್ಲಿ ಬಣ್ಣದ ಜಾಲರಿ ಚೆದುರಿದ ಹಾಗಿತ್ತು. ಇಡಿಯಾಗಿ ತೆಗೆದು ಲ್ಯಾಬಿಗೆ ಕಳಿಸೋಣ, ಗುಳಿ ವಿಚಾರ ರಿಪೋರ್ಟ್ ಬಂದಮೇಲೆ ಅಂದರು. ತೊಂದರೆಯಾದರೆ ಯಾರಿಗೆ ಫೋನ್ ಅಂತ ಕೇಳಿದ್ದಕ್ಕೆ ಚೀಟಿಯ ಹಿಂದೆ ತಮ್ಮ ನಂಬರನ್ನೇ ಬರೆದುಕೊಟ್ಟರು. ಮುಂದಿನ ವಾರ ತೆಗೀತಾರೆ. ಹೊಲಿಗೆ ಎಷ್ಟು ದಿನ ಇರುತ್ತೆ? ಗಾಯ ಒಣಗಲು ಬಿಡಬೇಕಾ, ಆ್ಯಂಟಿಬಯಾಟಿಕ್ ಮುಲಾಮು ಹಚ್ಚಬೇಕಾ?

ಇರುಳುಹಕ್ಕಿ:
ಒಣಗಲು ಬಿಟ್ರೆ ಬೇಗ ಮಾಯುತ್ತೆ ಅಂತ ಕೇಳಿದೀನಿ.

ಶಲ್ಯ_ಡರ್ಮ:
ಒಣಗಿಸಬೇಡಿ. ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದರು, ತೇವ ಉಳಿಸಿದ ಗಾಯಕ್ಕೆ ಹೊಸ ಚರ್ಮ ಬೇಗ ಹರಡುತ್ತೆ. ಹಕ್ಕಳೆ ಗಟ್ಟಿಯಾದರೆ ಹೊಸ ಚರ್ಮ ಅದರ ಕೆಳಗೆ ನುಸುಳಿಕೊಂಡು ಬರಬೇಕು, ಅದಕ್ಕೇ ತಡ. ಡಾಕ್ಟರ್ ಹೇಳಿದ ದಿನದಿಂದ ಸೋಪು ನೀರಿನಲ್ಲಿ ಮೆತ್ತಗೆ ತೊಳೆದು, ಶುದ್ಧ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮುಚ್ಚಿ. ಸ್ವಚ್ಛವಾಗಿ ಮಾಡಿದ ಸಣ್ಣ ಶಸ್ತ್ರಚಿಕಿತ್ಸೆಗೆ ಆ್ಯಂಟಿಬಯಾಟಿಕ್ ಮುಲಾಮಿನಿಂದ ಹೆಚ್ಚಿನ ಲಾಭವಿಲ್ಲ ಅಂತ 1996ರಲ್ಲಿ ಈ ಜೆಲ್ಲಿಯನ್ನು ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮಿನ ಜೊತೆ ಹೋಲಿಸಿ ನೋಡಿದ್ದಾರೆ, ಮೇಲಾಗಿ ಕೆಲವರಿಗೆ ಆ ಮುಲಾಮಿನಿಂದಲೇ ಅಲರ್ಜಿ ತುರಿಕೆ ಬರುತ್ತೆ.

ಮುಖದ ಹೊಲಿಗೆ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ. ತಲೆಯದು 7ರಿಂದ 10, ಬೆನ್ನು ಎದೆಯದು 10ರಿಂದ 14. ಬಿಚ್ಚಿದ ದಿನ ಗಾಯಕ್ಕೆ ಇನ್ನೂ ಬಲ ಬಂದಿರಲ್ಲ, ಕೆಲವು ವಾರ ಎಳೆತ ಬೀಳದಂತೆ ನೋಡಿಕೊಳ್ಳಿ. ರಕ್ತ ಜಿನುಗಿದರೆ ಬಟ್ಟೆ ಒತ್ತಿ ಪೂರ್ತಿ ಹದಿನೈದು ನಿಮಿಷ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ, ಅಥವಾ ದಿನ ಕಳೆದಂತೆ ನೋವು, ಕೆಂಪು, ಕೀವು ಹೆಚ್ಚಾದರೆ ಆ ಚೀಟಿಯ ನಂಬರಿಗೆ ಫೋನ್ ಮಾಡಿ.

ಲ್ಯಾಬ್‌ಕಿಟಕಿ:
ರಿಪೋರ್ಟ್ ಬಂದಮೇಲೆ ಒಂದು ಪ್ರತಿ ಕೇಳಿ ಇಸ್ಕೊಂಡು ಜೋಪಾನವಾಗಿಡಿ. ಏನೂ ಇಲ್ಲ ಅಂತ ಬಂದರೂ ಇಡಿ. ಮುಂದೆ ಬೇರೆ ಮಚ್ಚೆ ಬಂದಾಗ ನೋಡುವ ಡಾಕ್ಟರಿಗೆ ಅದು ಬೇಕಾಗುತ್ತೆ.

ಬೆಳ್ಮುಗಿಲು:
ಇಡ್ತೀನಿ. ರಿಪೋರ್ಟ್ ಬಂದಾಗ ಇಲ್ಲೇ ಬರೀತೀನಿ.